ಹಳದಿ ಕಾರಿನಿಂದ ಇಳಿಯುವ ಬಗೆ

ಇನ್ನೊಬ್ಬರಿಗೆ ಬುದ್ಧಿ ಹೇಳುವ ಕಸುಬಿಗೆ ಬಿದ್ದವನು ತನ್ನ ಪಾಲಿಗೆಂದು ಬುದ್ಧಿಯನ್ನು ಉಳಿಸಿಕೊಂಡಿರುವುದಿಲ್ಲ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ನಾನು ಹರಪನಹಳ್ಳಿಯಲ್ಲಿ ವಕೀಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಯಾವ ಊರಿನ ಕೋರ್ಟಿನ ಅಂಗಳದಲ್ಲಿ ನಿಂತು ಕೇಳಿದರೂ ಯಾರಾದರೊಬ್ಬರು ನನ್ನ ಗುರುತು ಹೇಳುತ್ತಾರೆ. ಒಳ್ಳೆಯ ಮಾತಿನಲ್ಲೇ ಹೇಳುತ್ತಾರೆ ಎಂಬ ಭರವಸೆ ಮಾತ್ರ ಕೊಡಲಾರೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳಬೇಕೋ ಬೇಡವೋ, ಬದುವಿನ ಮೇಲಿನ ಬೇವಿನ ಮರ ಯಾರಿಗೆ ಸೇರಬೇಕು, ರಾಜಿಯಾಗುವುದು ಲೇಸೋ ಮೇಲಿನ ಕೋರ್ಟು ಹತ್ತುವುದು ಲೇಸೋ ಎಂಬುದನ್ನೆಲ್ಲ ನಾನು ಕಪ್ಪಿನಲ್ಲಿರುವ ಚಹ ಆರುವುದರೊಳಗೆ ಹೇಳಿಬಿಡಬಲ್ಲೆ. ಅಂಥ ನಾನು ಎರಡು ಕಾರುಗಳಲ್ಲಿ ಒಂದನ್ನು ಆರಿಸಲಾರದೆ ಇಡೀ ಸುಗ್ಗಿಯ ಕಾಲವನ್ನು ಕಳೆದೆನೆಂದರೆ ನನ್ನ ಕಕ್ಷಿದಾರರು ನಂಬಲಿಕ್ಕಿಲ್ಲ. ನಂಬದಿರುವುದೇ ಒಳ್ಳೆಯದು. ನಂಬಿದರೆ ಕಡತ ವಾಪಸು ಕೇಳುತ್ತಾರೆ.

ಶುರುವಾದದ್ದು ನಮ್ಮ ಹಳೆಯ ಕಾರಿನ ಸಾವಿನಿಂದ. ಕೂಡ್ಲಿಗಿಯಿಂದ ಬರುವಾಗ ಅದು ಕೊಟ್ಟೂರಿನ ಹೊರಗೆ ನಿಂತುಬಿಟ್ಟಿತು. ಮೊದಲೂ ನಿಲ್ಲುತ್ತಿತ್ತು, ಆದರೆ ಕೆಮ್ಮಿ, ಕೂಗಿ, ತನ್ನ ಕಾರಣ ಹೇಳಿ ನಿಲ್ಲುತ್ತಿತ್ತು. ಈ ಸಲ ಒಂದು ಮಾತೂ ಆಡದೆ ನಿಂತಿತು. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿದ, ಮತ್ತೆ ಮೆಲ್ಲಗೆ ಮುಚ್ಚಿದ. "ಸಾಹೇಬ್ರ, ಇದಕ್ಕಿನ್ನ ಔಷಧಿ ಬ್ಯಾಡ್ರಿ. ಸುಮ್ನ ಜೀವ ತಿಂದಂಗಾಗ್ತೈತಿ," ಅಂದ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಗಿರಿಜಾ ಕಣ್ಣೀರು ಹಾಕುವ ಬದಲು, "ಸದ್ಯ ಹೋತಲ್ಲ! ಈಗರ ಒಂದು ಚಲೋ ಕಾರ್ ತಗೊಳ್ರಿ," ಎಂದಳು. ಚಲೋ ಎಂದರೆ ಯಾವುದು ಎಂದು ಆಕೆ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಸ್ತಾವೇಜಿನಲ್ಲಿ ಇಂಥ ಸಡಿಲು ಮಾತು ಸಿಕ್ಕರೆ ವಕೀಲನಾದವನು ಕೆದಕುವುದಿಲ್ಲ, ತನಗೆ ಬೇಕಾದ ಅರ್ಥ ಇಟ್ಟುಕೊಂಡು ಸುಮ್ಮನಿರುತ್ತಾನೆ. ನನ್ನ ಅರ್ಥದಲ್ಲಿ ಚಲೋ ಕಾರೆಂದರೆ ಸ್ಪೋರ್ಟ್ಸ್ ಕಾರು.

ನಗಬೇಡಿ. ನೀವು ನಗುತ್ತೀರೆಂದೇ ನಾನು ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕಾನೂನು ಓದುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಕೂಡ್ಲಿಗಿಯ ಹೆದ್ದಾರಿಯ ಬದಿಯಲ್ಲಿ ಬಸ್ಸು ಕಾಯುತ್ತ ನಿಂತಿದ್ದೆ. ಮೊದಲು ಸದ್ದು ಬಂತು. ಅದು ಕಾರಿನ ಸದ್ದು ಎಂದು ಯಾರಿಗೂ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಮಳೆ ಬಂತೆಂದು ಸೆರಗು ತಲೆಗೆ ಎಳೆದುಕೊಂಡಳು. ಆಮೇಲೆ ಅದು ಕಾಣಿಸಿತು. ಇಸ್ತ್ರಿ ಹಾಕಿ ಒತ್ತಿದಂತೆ ಚಪ್ಪಟೆಯಾದ ಕಾರು, ನೆಲಕ್ಕೆ ಅಂಟಿಕೊಂಡು ಬಂದು, ನಮ್ಮೆಲ್ಲರ ಎದೆಯೊಳಗೆ ಒಮ್ಮೆ ಗುಡುಗಿ, ಹೊಸಪೇಟೆಯ ಕಡೆ ಹೋಗಿಯೇಬಿಟ್ಟಿತು. ಅಷ್ಟೇ. ಅದರಲ್ಲಿ ಯಾರಿದ್ದರೋ, ಯಾವ ಊರಿನವರೋ ನನಗೆ ಗೊತ್ತಿಲ್ಲ. ಆದರೆ ಆ ಸದ್ದು ಒಳಗೆ ಹೊಕ್ಕದ್ದು ಹೊರಗೆ ಹೋಗಲಿಲ್ಲ. ಮದುವೆ ಮಾಡಿಕೊಂಡೆ, ಕರಿಕೋಟು ತೊಟ್ಟೆ, ತಲೆ ಬೆಳ್ಳಗಾಯಿತು. ಎಂದಾದರೂ ಒಂದು ದಿನ ಅಂಥದೊಂದು ಕಾರನ್ನು ನಾನು ಓಡಿಸಬೇಕು ಎಂಬ ಆಸೆ ಮಾತ್ರ ವಯಸ್ಸಾಗದೆ ಹಾಗೇ ಕುಳಿತಿತ್ತು. ಈಗ ನನಗೆ ಅರವತ್ತರ ಸಮೀಪ. ಈ ಸಲ ಕೊಳ್ಳುವ ಕಾರೇ ನಾನು ಓಡಿಸುವ ಕೊನೆಯ ಕಾರು. ಈಗಿಲ್ಲ ಎಂದರೆ ಇನ್ನಿಲ್ಲ. ಹಣದ ಮಾತು ಬಿಡಿ, ಅದು ನಾನೂ ಬ್ಯಾಂಕಿನವರೂ ಕೂತು ಅಳುವ ವಿಷಯ.

ಹೊಸಪೇಟೆಯ ನನ್ನ ಕಕ್ಷಿದಾರರೊಬ್ಬರ ಹತ್ತಿರ ಒಂದು ಹಳದಿ ಸ್ಪೋರ್ಟ್ಸ್ ಕಾರಿತ್ತು. ಗಣಿಯ ಧೂಳಿಗೆ ಚಿನ್ನದ ಬೆಲೆ ಬಂದ ಕಾಲದಲ್ಲಿ ತರಿಸಿದ್ದು, ಈಗ ಷೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು. "ಬೇಕಂದ್ರ ಒಂದಿನ ಒಯ್ದು ಓಡ್ಸಿ ನೋಡ್ರಿ ವಕೀಲ್ರ. ಹೊರಗಿನವ್ರಿಗೆ ಕೊಡಾಕ ಮನಸಿಲ್ಲ," ಎಂದರು. ನನಗೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಆಫೀಸಿನಲ್ಲಿ ನನ್ನ ಜೂನಿಯರ್ ಕೊಟ್ರೇಶಿಗೆ ಗುಟ್ಟಾಗಿ ಹೇಳಿದೆ. ಜೂನಿಯರ್ ಎಂದರೆ ಅವನಿಗೂ ಐವತ್ತು ಹತ್ತಿರ. ನಾನಿರುವ ತನಕ ಅವನು ಜೂನಿಯರೇ. ಕೊಟ್ರೇಶಿ ಲೋಕದ ಹಿತ ಚಿಂತಿಸುವ ಮನುಷ್ಯ. "ಸರ್, ಈ ಕಾಲಕ್ಕ ಹೈಬ್ರಿಡ್ ತಗೊಳ್ಬೇಕ್ರಿ. ಅರ್ಧ ಪೆಟ್ರೋಲು, ಅರ್ಧ ಕರೆಂಟು. ಹೊಗಿ ಕಮ್ಮಿ, ಸಪ್ಪಳಿಲ್ಲ, ನಾಕು ಮಂದಿ ಆರಾಮಾಗಿ ಕುಂದರಬಹುದು," ಎಂದು ದಾವಣಗೆರೆಯ ಷೋರೂಮಿಗೆ ಆಗಲೇ ಫೋನು ಹಚ್ಚಿದ. ಎದುರಾಳಿಯ ಪರವಾಗಿ ನನ್ನ ಜೂನಿಯರೇ ವಕಾಲತ್ತು ಹಾಕಿದ ಮೇಲೆ ಪ್ರಕರಣ ಮನೆಯ ತನಕ ಹೋಗಲೇಬೇಕಾಯಿತು.

ಗಿರಿಜಾ ತೆಲಿಗಿಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಎಷ್ಟೋ ವರ್ಷ ಕಪ್ಪು ಹಲಗೆಯ ಮುಂದೆ ನಿಂತು ನಿಂತು ಮೊಣಕಾಲು ಸವೆಸಿಕೊಂಡಿದ್ದಾಳೆ. ಎರಡೂ ಕಡೆಯ ವಾದವನ್ನು ಆಕೆ ಸೊಪ್ಪು ಸೋಸುತ್ತ ಕೇಳಿದಳು. "ಹೈಬ್ರೀಡ್ ಅಂದ್ರ ಜೋಳ ಅಲ್ಲೇನ್ರಿ? ರೊಟ್ಟಿ ಬಡದ್ರ ರುಚೀನ ಇರಲ್ಲ," ಎಂದಳು. ನನಗೆ ಹಿಗ್ಗೋ ಹಿಗ್ಗು. ನಮ್ಮ ಕಡೆ ಹೈಬ್ರೀಡ್ ಜೋಳಕ್ಕೆ ಇರುವಷ್ಟು ಕೆಟ್ಟ ಹೆಸರು ಇನ್ನಾವುದಕ್ಕೂ ಇಲ್ಲ. ಇಳುವರಿ ನೋಡಿ ಬಿತ್ತುತ್ತಾರೆ, ಉಣ್ಣುವಾಗ ಬಯ್ಯುತ್ತಾರೆ. "ಅದಕ್ಕೇ ನೋಡು, ನಾಟಿ ಕಾರೇ ತರೋಣ ಅಂತ," ಎಂದು ಫೋನಿನಲ್ಲಿ ಹಳದಿ ಕಾರಿನ ಚಿತ್ರ ತೋರಿಸಿದೆ. ಆಕೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಎರಡ ಸೀಟು," ಎಂದಳು. ಹೌದು ಎಂದೆ. "ಒಂದು ನಿಮಗ. ಇನ್ನೊಂದು?" "ನಿನಗೇ ಮತ್ತೆ! ಇನ್ನಾರಿಗೆ?" "ಇಷ್ಟು ಕೆಳಗ ಐತಿ. ನನ್ನ ಮೊಣಕಾಲಿಗೆ ಕುಂದ್ರಾಕ ಬರಬೇಕಲ್ಲ," ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಬೇಡ ಎನ್ನಲಿಲ್ಲ. ಹೂಂ ಎನ್ನಲೂ ಇಲ್ಲ. ಕೋರ್ಟಿನಲ್ಲಿ ಎಂಥೆಂಥ ಪಾಟಿಸವಾಲು ಮಾಡಿದವನು ನಾನು. ಫೋನು ಜೇಬಿಗೆ ಹಾಕಿಕೊಂಡು ಆಕೆಯ ಜೊತೆ ಸೊಪ್ಪು ಸೋಸಲು ಕೂತೆ.

ಹಳದಿ ಕಾರನ್ನು ತರಲು ನಾನೂ ಕೊಟ್ರೇಶಿಯೂ ಬಸ್ಸಿನಲ್ಲಿ ಹೋದೆವು. ಅದರೊಳಗೆ ಕೂಡುವುದು ಕಷ್ಟವಲ್ಲ. ಬಾಗಿಲು ತೆರೆದು ಬೆನ್ನು ತಿರುಗಿಸಿ ದೇವರ ಮೇಲೆ ಭಾರ ಹಾಕಿದರೆ ಸಾಕು, ಉಳಿದದ್ದನ್ನು ಭೂಮಿಯೇ ನೋಡಿಕೊಳ್ಳುತ್ತದೆ. ಕಾಲು ಮುಂದಕ್ಕೆ ಚಾಚಿ ಮಲಗಿದಂತಾಯಿತು. ಗುಂಡಿ ಒತ್ತಿದೆ. ಅದೇ ಸದ್ದು! ಬೆನ್ನಹುರಿಯ ಬುಡದಿಂದ ಹೊರಟು ನೆತ್ತಿಗೆ ಬಂತು. ಮರಿಯಮ್ಮನಹಳ್ಳಿ ದಾಟುವ ಹೊತ್ತಿಗೆ ನಾನು ವಕೀಲನಾಗಿರಲಿಲ್ಲ, ಯಾರ ಗಂಡನೂ ಆಗಿರಲಿಲ್ಲ, ಬಸ್ಸು ಕಾಯುತ್ತಿದ್ದ ಹುಡುಗನಾಗಿದ್ದೆ. ಸುಳ್ಳೇಕೆ, ಕಣ್ಣು ತುಂಬಿ ಬಂದವು. ಕೊಟ್ರೇಶಿ ನೋಡಿದನೇನೋ ಎಂದು ಪಕ್ಕಕ್ಕೆ ತಿರುಗಿದರೆ ಅವನು ಎರಡೂ ಕೈಯಿಂದ ಸೀಟು ಹಿಡಿದುಕೊಂಡು ಕಣ್ಣು ಮುಚ್ಚಿ ಊರ ದೇವರ ಹೆಸರು ಹೇಳುತ್ತಿದ್ದ.

ಹಗರಿಬೊಮ್ಮನಹಳ್ಳಿ ದಾಟಿ ನಮ್ಮ ತಾಲ್ಲೂಕಿನ ಸಣ್ಣ ರಸ್ತೆಗೆ ಇಳಿದೆವು. ಮುಂದೆ ಹುರುಳಿ ಹಾಸಿದ್ದರು. ನಮ್ಮ ಕಡೆಯ ಸುಗ್ಗಿಯ ರೂಢಿ ಇದು. ಕಣ ಮಾಡಿ, ಎತ್ತು ಕಟ್ಟಿ ತುಳಿಸುವವರು ಈಗ ಕಡಿಮೆ. ಹುರುಳಿ, ನವಣೆ, ಸಜ್ಜೆ ಏನೇ ಇರಲಿ, ಗಿಡ ಸಮೇತ ತಂದು ಡಾಂಬರು ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಬಸ್ಸು ಲಾರಿಗಳು ಹಾಯುತ್ತವೆ, ಕಾಳು ಉದುರುತ್ತದೆ. ಕಾನೂನಿನ ಪ್ರಕಾರ ಇದು ತಪ್ಪು. ನನ್ನ ಪ್ರಕಾರ ಸರಿ, ಏಕೆಂದರೆ ಹೀಗೆ ಹಾಸಿ ಸಿಕ್ಕಿಬಿದ್ದ ರೈತನೊಬ್ಬನ ಪರವಾಗಿ ನಾನೇ ಒಮ್ಮೆ ಕೂಡ್ಲಿಗಿಯ ಕೋರ್ಟಿನಲ್ಲಿ ವಾದಿಸಿ, ರಸ್ತೆ ಎಂದರೆ ಊರಿನ ಕಣವೇ ಎಂದು ಭಾಷಣ ಮಾಡಿ ಬಿಡಿಸಿಕೊಂಡು ಬಂದಿದ್ದೆ. ಇದಕ್ಕೊಂದು ಮರ್ಯಾದೆಯ ಕ್ರಮವೂ ಇದೆ. ಹಾಸಿದ ಬೆಳೆಯ ಬದಿಗೆ ಹೆಂಗಸರು ನಿಂತು ಕೈ ಬೀಸಿ ಗಾಡಿಯನ್ನು ಮೇಲೆ ಹಾಯಿಸಲು ಕರೆಯುತ್ತಾರೆ. ತಪ್ಪಿಸಿಕೊಂಡು ಬದಿಯಲ್ಲಿ ಹೋದರೆ ಉಣ್ಣಲು ಕರೆದವರ ಮನೆಯ ಮುಂದೆ ಮುಖ ತಿರುಗಿಸಿ ಹೋದಂತೆ. ಪರಸ್ಥಳದವನಾಗಿದ್ದರೆ ಬ್ರೇಕು ಹಾಕುತ್ತಿದ್ದ. ನಾನು ಈ ನೆಲದವನು. ಹೆಂಗಸರು ಕೈ ಬೀಸಿ, "ಹಾಯಿಸ್ರಿ, ಮ್ಯಾಲ ಹಾಯಿಸ್ರಿ!" ಎಂದರು. "ಸರ್, ಬ್ಯಾಡ್ರಿ!" ಎಂದು ಕೊಟ್ರೇಶಿ ಕೂಗುವಷ್ಟರಲ್ಲಿ ಹಾಯಿಸಿಯೇಬಿಟ್ಟೆ.

ಆ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ರೊಟ್ಟಿ ತೂರುವಷ್ಟು ಜಾಗ. ಹುರುಳಿಯೋ ಬಳ್ಳಿಬಳ್ಳಿಯ ಬೆಳೆ. ಹಾಸಿದ್ದನ್ನೆಲ್ಲ ಕಾರು ಕಸಬರಿಗೆಯಂತೆ ಬಳಿದುಕೊಂಡು ತನ್ನ ಕೆಳಗೆ ಸುತ್ತಿಕೊಂಡು, ಸ್ವಲ್ಪ ದೂರ ಹೋಗಿ, ಗಕ್ಕನೆ ನಿಂತಿತು. ಸುಟ್ಟ ಹೊಟ್ಟಿನ ವಾಸನೆ ಬಂತು. "ಹೊಗಿ ಬರಾಕತ್ತೈತಿ! ಇಳೀರಿ, ಇಳೀರಿ!" ಎಂದು ಹೊರಗೆ ಬೊಬ್ಬೆ. ಕಡ್ಡಿಯಂತಿರುವ ಕೊಟ್ರೇಶಿ ಹೇಗೋ ನುಸುಳಿ ಹೊರಗೆ ಬಿದ್ದ. ನಾನು ಇಳಿಯಲು ಹೋದೆ. ಆಗಲಿಲ್ಲ. ಕಾಲು ಎದುರಿಗೆ ಚಾಚಿವೆ, ಕೂತ ಜಾಗ ಬಾವಿಯಷ್ಟು ಕೆಳಗಿದೆ, ಹಿಡಿಯೋಣವೆಂದರೆ ಏನೂ ಇಲ್ಲ. ಸ್ಟೀರಿಂಗಿನ ಮೇಲೆ ಕೈಯೂರಿದರೆ ಹಾರ್ನು ಹೊಡೆದುಕೊಂಡಿತು. ಬಾಗಿಲ ಚೌಕಟ್ಟು ಹಿಡಿದು ಎದ್ದರೆ ಸೊಂಟದಲ್ಲಿ ಏನೋ ಚಳಕ್ ಅಂದು ಮತ್ತೆ ಒಳಗೇ ಬಿದ್ದೆ. ಹೆಂಗಸರ ಹಿರಿಯಳು, ಹನುಮಕ್ಕ ಎಂದು ಉಳಿದವರು ಕರೆಯುತ್ತಿದ್ದರು, ಬಗ್ಗಿ ನನ್ನ ಕರಿಕೋಟು ನೋಡಿದಳು. "ಏ, ಬರ್ರೇ ಇಲ್ಲಿ! ವಕೀಲ್ರು ಸಿಕ್ಕೊಂಡಾರ, ಕಿತ್ತು ತಗಿಯೋಣ," ಎಂದಳು. ಇಬ್ಬರು ಕೈ ಹಿಡಿದರು, ಒಬ್ಬಳು ಕೋಟು ಹಿಡಿದಳು. "ಶೇಂಗಾ ಕಿತ್ತಂಗ ಒಮ್ಮಿಗೇ ಎಳೀರಿ. ನೆಲ ಹದ ಇಲ್ಲ ಕಾಣ್ತೈತಿ, ಬುಡ ಬಿಡವಲ್ದು!" ಎಂದು ನಗುತ್ತಲೇ ಎಳೆದರು. ಬಂದೆ. ಒಂದು ಬೂಟು ಒಳಗೇ ಉಳಿಯಿತು.

ಹೊಗೆ ದೊಡ್ಡದಾಗಲಿಲ್ಲ, ಒಂದು ಕೊಡ ನೀರಿಗೆ ಅಡಗಿತು. ಆಮೇಲೆ ಅವರೇ ಕೂತು ಕಾರಿನ ಕೆಳಗಿನ ಬಳ್ಳಿಯನ್ನೆಲ್ಲ ಎಳೆದು ತೆಗೆದರು. ಹನುಮಕ್ಕ ಒಂದು ಹಿಡಿ ಕೈಗೆತ್ತಿಕೊಂಡು ಕೊಡವಿ ನೋಡಿ, "ಇಷ್ಟು ಸಪ್ಪಳ ಮಾಡ್ತು, ಒಂದು ಕಾಳರ ಉದುರಿಸ್ತೇನ್ರಿ ನಿಮ್ಮ ಗಾಡಿ?" ಎಂದಳು. ವಕೀಲರ ಬಗ್ಗೆಯೂ ಇದೇ ಮಾತನ್ನು ಜನ ಹಿಂದಿನಿಂದ ಆಡುವುದುಂಟು. ಆಕೆ ಮುಂದೆಯೇ ಆಡಿದಳು. ಕಾರಿಗೇನೂ ಆಗಿರಲಿಲ್ಲ, ಹೊಸಪೇಟೆಯವರ ಡ್ರೈವರು ಬಂದು ಒಯ್ದ. ಕೊಟ್ರೇಶಿಯಿಂದ ಆಣೆ ಮಾಡಿಸಿಕೊಂಡೆ, ನಾನು ಕಾರಿನಿಂದ ಇಳಿದ ಬಗೆ ಎಲ್ಲೂ ಬಾಯಿ ಬಿಡಕೂಡದೆಂದು. ಮನೆಯಲ್ಲಿ ಸೊಂಟ ಹಿಡಿದುಕೊಂಡು ನಡೆಯುವುದನ್ನು ಕಂಡು ಗಿರಿಜಾ ಕೇಳಿದಾಗ, ಹಡಗಲಿ ಕೋರ್ಟಿನ ಬೆಂಚು ಸರಿಯಿಲ್ಲ ಎಂದೆ.

ಮರುವಾರ ದಾವಣಗೆರೆಯಿಂದ ಹೈಬ್ರಿಡ್ ಕಾರು ಬಂತು. ಜೊತೆಗೆ ಷೋರೂಮಿನ ಮನುಷ್ಯ, ಟೈ ಕಟ್ಟಿಕೊಂಡ ನಡುವಯಸ್ಸಿನವರು. ಅವರು ಹಿಂದೆ ಕೂತರು, ಗಿರಿಜಾ ನನ್ನ ಪಕ್ಕದಲ್ಲಿ ಕೂತಳು. ಕುರ್ಚಿಯ ಮೇಲೆ ಕೂತಷ್ಟೇ ಸಲೀಸಾಗಿ ಕೂತಳು, ನಾನೂ ಕೂತೆ. ನೀಲಗುಂದದ ಕಡೆ ಹೊರಟೆವು. ಗಾಡಿ ಶುರುವಾದದ್ದೇ ಗೊತ್ತಾಗಲಿಲ್ಲ. ಊರ ಹೊರಗೆ ಒಂದು ದೊಡ್ಡ ಕುರಿ ಹಿಂಡು ರಸ್ತೆ ತುಂಬ ಹೋಗುತ್ತಿತ್ತು. ಸದ್ದು ಮಾಡುವ ಗಾಡಿಯಾದರೆ ಕುರಿಗಳು ದೂರದಿಂದಲೇ ಕಿವಿ ನಿಗುರಿಸಿ ಬದಿಗೆ ಸರಿಯುತ್ತವೆ. ಇದು ಬ್ಯಾಟರಿಯ ಮೇಲೆ ಮೆಲ್ಲಗೆ ಹೋಗಿ ಹಿಂಡಿನ ಬೆನ್ನಿಗೆ ಮೂಗು ತಾಗಿಸಿದರೂ ಒಂದು ಕುರಿ ತಿರುಗಿ ನೋಡಲಿಲ್ಲ. ಮುಂದೆ ಹೆಗಲಿಗೆ ಕಂಬಳಿ ಹಾಕಿಕೊಂಡು ಫೋನಿನಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದ ಕುರಿಗಾಹಿ ಯಾತಕ್ಕೋ ಹಿಂತಿರುಗಿದವನು, ಬೆನ್ನ ಹಿಂದೆ ಕಾರು ಕಂಡು ಎಗರಿ ಬಿದ್ದ. "ಏನ್ರೀ ಇದು, ಕಳ್ಳ ಬಂದಂಗ ಬಂದೀರಲ್ಲ! ಕುರಿ ಕಾಯಾಕ ನಾಯಿ ಇಟ್ಟೀನಿ, ಅದಕೂ ಗೊತ್ತಾಗವಲ್ದು!" ಹಾರ್ನು ಹೊಡೆಯಲೇನಪ್ಪ ಎಂದೆ. "ಬ್ಯಾಡ್ರಿ, ಹೊಡದ್ರ ಕುರಿ ಬೆದರ್ತಾವು. ಹೊಡೀದಿದ್ರ ನಾ ಬೆದರ್ತೀನಿ. ಹಿಂದ ಸುಮ್ನ ಬರ್ರಿ," ಎಂದು ತೀರ್ಪು ಕೊಟ್ಟ. ಹಿಂದಿನಿಂದ ಷೋರೂಮಿನವರು, "ಸದ್ದಿಲ್ಲದಿರುವುದೇ ಇದರ ವಿಶೇಷ ಸಾರ್," ಎಂದರು.

ಹಾಗೆ ಕುರಿಗಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೊರಟಾಗ ನನಗೊಂದು ಹೊಸ ತೊಂದರೆ ಅರಿವಾಯಿತು. ನಮ್ಮ ಹಳೆಯ ಕಾರು ತಾನೇ ಸದಾ ಮಾತಾಡುತ್ತಿತ್ತು. ಅದರ ಗಲಾಟೆಯಲ್ಲಿ ನಾವಿಬ್ಬರೂ ಕೂಗಿ ಹೇಳಬೇಕಾದದ್ದನ್ನಷ್ಟೇ ಹೇಳಿಕೊಂಡು ಬದುಕಿದ್ದೆವು: ಎಣ್ಣೆ ಮುಗಿದಿದೆ, ಅಲ್ಲಿ ನಿಲ್ಲಿಸಿ, ಆ ಬಸ್ಸಿಗೆ ದಾರಿ ಬಿಡಿ. ಮೆಲ್ಲಗೆ ಹೇಳುವಂಥ ಮಾತುಗಳಿಗೆ ಅದರೊಳಗೆ ಜಾಗವೇ ಇರಲಿಲ್ಲ. ಮಾತಿಲ್ಲದ್ದಕ್ಕೆ ಕಾರಿನ ಸದ್ದೇ ಕಾರಣ ಎಂದು ಇಬ್ಬರೂ ನೆಮ್ಮದಿಯಾಗಿದ್ದೆವು. ಈಗ ಸದ್ದಿಲ್ಲ. ಗಿರಿಜಾಳ ಬಳೆ ಸರಿದದ್ದೂ ಕೇಳಿಸುತ್ತಿದೆ. ಆಕೆ ಕೇಳಿಯೇಬಿಟ್ಟಳು, ಮೆಲ್ಲಗೆ, "ಖರೇ ಹೇಳ್ರಿ. ಆ ಹಳದಿ ಕಾರ್ ಹೆಂಗಿತ್ತು?"

ನನಗೆ ನಿಜ ಹೇಳಬೇಕು ಅನ್ನಿಸಿತು. ಅರ್ಧ ಹೇಳಿದೆ ಕೂಡ. ಆ ಸದ್ದಿನ ಬಗ್ಗೆ, ಮರಿಯಮ್ಮನಹಳ್ಳಿ ದಾಟುವಾಗ ಕಣ್ಣು ತುಂಬಿದ್ದರ ಬಗ್ಗೆ ಹೇಳಿದೆ. ಮುಂದಿನದಕ್ಕೆ ಬಂದಾಗ, ಹೆಂಗಸರು ನನ್ನನ್ನು ಶೇಂಗಾ ಕಿತ್ತಂತೆ ಕಿತ್ತದ್ದನ್ನು ಹೇಳಲು ನಾಲಿಗೆ ಏಳಲಿಲ್ಲ. ಮುಖ ಮುದುಡಿಸಿಕೊಂಡು, "ಏನ್ ಮಾಡೋದು ಹೇಳು. ನಿನ್ನ ಮೊಣಕಾಲಿಗೆ ಆಗಬೇಕಲ್ಲ. ನೀನು ಕೂರಲಾಗದ ಕಾರು ತಗೊಂಡು ನಾನೇನು ಮಾಡಲಿ?" ಎಂದೆ. ಹಳೆಯ ಕಾರಿನಲ್ಲಾಗಿದ್ದರೆ ಆ ಮಾತು ಗದ್ದಲದಲ್ಲಿ ಅರ್ಧ ಕಳೆದುಹೋಗುತ್ತಿತ್ತು. ಇಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು, ನನಗೇ. ಗಿರಿಜಾ ಕುರಿಗಳನ್ನು ನೋಡುತ್ತ ಕೂತಿದ್ದಳು. "ಸೀಟು ಎಷ್ಟು ಎತ್ತರ ಇತ್ತು?" ಎಂದು ಕೇಳಿದಳು. ನೆಲದಿಂದ ಇಷ್ಟು ಎಂದು ಕೈ ಇಟ್ಟು ತೋರಿಸಿದೆ. ಆಕೆ ನನ್ನ ಕೈಯನ್ನೇ ನೋಡಿದಳು, ಲೆಕ್ಕ ಕೊಟ್ಟ ಮಕ್ಕಳ ಸ್ಲೇಟು ನೋಡುವಂತೆ.

ಆ ಮೊಣಕಾಲಿನ ಮಾತು ನನಗೆ ಬಹಳ ಹಿಡಿಸಿಬಿಟ್ಟಿತು. ವಕೀಲರ ಕೋಣೆಯಲ್ಲಿ ಹಳದಿ ಕಾರಿನ ಸುದ್ದಿ ಹೇಗೋ ಹಬ್ಬಿತ್ತು, ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. "ತಗೊಂಡೇಬಿಡ್ತಿದ್ದೆ. ಮನೆಯವರ ಮೊಣಕಾಲು ನೋಡಿ ಬಿಟ್ಟೆ." ಹೇಳುವಾಗ ಒಂದು ಸಣ್ಣ ನಿಟ್ಟುಸಿರು ಸೇರಿಸುತ್ತಿದ್ದೆ. ಹಡಗಲಿಯ ವಕೀಲರೊಬ್ಬರು, "ಇಂಥ ಗಂಡಂದ್ರು ಎಲ್ಲಿ ಸಿಗ್ತಾರ್ರಿ?" ಎಂದು ನನ್ನ ಚಹದ ದುಡ್ಡು ತಾವೇ ಕೊಟ್ಟರು. ಮಾಡದ ತ್ಯಾಗಕ್ಕೆ ಬರುವ ಹೊಗಳಿಕೆಗೆ ಎಂಥ ರುಚಿಯಪ್ಪಾ! ದಾವಣಗೆರೆಯವರಿಗೆ ಹೈಬ್ರಿಡ್ ಕಾರೇ ಇರಲಿ ಎಂದು ಹೇಳಿದೆ. ಹೊಸಪೇಟೆಯವರಿಗೆ ಮಾತ್ರ ಬೇಡ ಎಂದು ಹೇಳಲು ಬಾಯಿ ಬರಲಿಲ್ಲ, ಇಂದು ನಾಳೆ ಎಂದು ಮುಂದೂಡುತ್ತ ಬಂದೆ.

ಒಂದು ಬೆಳಿಗ್ಗೆ ಕೋರ್ಟಿಗೆ ಹೊರಟವನು ಕನ್ನಡಕ ಮರೆತು ಒಳಗೆ ಬಂದೆ. ನಡುಮನೆಯಲ್ಲಿ ಗಿರಿಜಾ ಒಂದರ ಮೇಲೊಂದು ಎರಡು ಮಣೆ ಇಟ್ಟುಕೊಂಡು, ಗೋಡೆಗೆ ಕೈ ಕೊಟ್ಟು, ಮೆಲ್ಲಗೆ ಅದರ ಮೇಲೆ ಕೂತಳು. ತುಟಿ ಕಚ್ಚಿ ಎದ್ದಳು. ಮತ್ತೆ ಕೂತಳು. ಹಣೆಯಲ್ಲಿ ಬೆವರು. "ಏನಿದು? ಡಾಕ್ಟ್ರು ಹೇಳಿದ್ದಾ?" ಎಂದೆ. ಸಿಕ್ಕಿಬಿದ್ದವಳಂತೆ ನಕ್ಕಳು. "ಡಾಕ್ಟ್ರಿಗೇನ್ ಗೊತ್ತು? ನೀವು ಅವತ್ತು ಕೈ ಇಟ್ಟು ತೋರ್ಸಿದ್ರಲ್ಲ, ಇಷ್ಟು ಎತ್ತರ ಅಂತ. ಎರಡು ಮಣಿ ಇಟ್ರ ಅಷ್ಟ ಆಗ್ತೈತಿ. ಮೊದಲ ಎರಡು ಕೈಲೆ ಗ್ವಾಡಿ ಹಿಡೀತಿದ್ದೆ. ಈಗ ಒಂದ ಕೈ ಸಾಕು. ಇನ್ನೊಂದಿಷ್ಟು ದಿನ ತಡೀರಿ, ಆಮ್ಯಾಲ ಆ ಕಾರ್ ತರೋಣು. ನನ್ನ ಸಲುವಾಗಿ ನಿಮ್ಮ ಆಸಿ ಯಾಕ ಉಳೀಬೇಕು?"

ಕರಿಕೋಟು ಮೈಮೇಲೆ ಭಾರವಾಯಿತು. "ಬ್ಯಾಡ ಬಿಡು ಗಿರಿಜಾ, ಆ ಕಾರೇ ಬ್ಯಾಡ," ಎಂದೆ. ಆಕೆಗೆ ಸಿಟ್ಟು ಬಂತು. "ಬ್ಯಾಡಂದ್ರ ಬ್ಯಾಡ ಬಿಡ್ರಿ. ಆದ್ರ ನನ್ನ ಮೊಣಕಾಲಿನ ಮ್ಯಾಲ ಹಾಕಬ್ಯಾಡ್ರಿ! ನಾಳೆ ಮಂದಿ ಮುಂದ 'ಮನಿಯಾಕಿ ಸಲುವಾಗಿ ಬಿಟ್ಟೆ' ಅಂತ ಹೇಳ್ಕೊಂಡು ಅಡ್ಡಾಡವ್ರು ನೀವು. ನನಗ ಗೊತ್ತಿಲ್ಲೇನು?" ನಾಳೆಯಲ್ಲ, ಆ ಕೆಲಸ ಆಗಲೇ ಮುಗಿದಿತ್ತು, ಅದರ ಚಹವನ್ನೂ ಕುಡಿದಾಗಿತ್ತು. ಇನ್ನು ವಾದ ಉಳಿದಿರಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿದೆ. ಹುರುಳಿ, ಹೊಗೆ, ಹನುಮಕ್ಕ, ಒಳಗುಳಿದ ಬೂಟು, ಹಡಗಲಿಯ ನಿರಪರಾಧಿ ಬೆಂಚು. "ನಿನ್ನ ಮೊಣಕಾಲಲ್ಲ ಕಣೆ, ನನ್ನ ಸೊಂಟ. ಇಳಿಯಲಿಕ್ಕೆ ಬರಲಿಲ್ಲ ನನಗೆ."

ನಗುತ್ತಾಳೆಂದುಕೊಂಡೆ. ನಗಲಿಲ್ಲ. ಎರಡು ಮಣೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು. "ಕುಂದ್ರಿ," ಎಂದಳು. ಕೋರ್ಟಿಗೆ ಹೊತ್ತಾಯಿತು ಎಂದೆ. "ಕುಂದ್ರಿ ಅಂದೆ." ತೆಲಿಗಿ ಶಾಲೆಯ ಎಷ್ಟು ಮಕ್ಕಳು ಆ ದನಿಗೆ ಕೂತಿದ್ದರೋ, ನಾನೂ ಕೂತೆ. ಏಳಲು ಹೋದರೆ ಹಿಂದಕ್ಕೇ ಬಿದ್ದೆ. "ಹಿಂದಕ್ಕ ಒರಗಿ ಯಾರೂ ಎದ್ದಿಲ್ರಿ. ಮುಂದಕ್ಕ ಬಾಗ್ರಿ, ಪಾದ ಒಳಗ ತಗೊಳ್ರಿ, ಮೂಗು ಮುಂದ ಬರಲಿ. ಈಗ ಏಳ್ರಿ." ಆಗಲಿಲ್ಲ. ಸವೆದ ಮೊಣಕಾಲಿನ ಅವಳೇ ಕೈ ಕೊಟ್ಟು ನನ್ನನ್ನು ಎಬ್ಬಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಏಳುವ ಪಾಠ ಶುರುವಾಯಿತು. ಆಕೆ ಗೋಡೆ ಬಿಟ್ಟಳು, ನಾನು ಇನ್ನೂ ಆಕೆಯ ಕೈ ಹಿಡಿದೇ ಇದ್ದೆ.

ಹೈಬ್ರಿಡ್ ಕಾರು ಮನೆಗೆ ಬಂದ ಮೇಲೆ ಹೊಸಪೇಟೆಯ ಕಕ್ಷಿದಾರರು ತಾವೇ ಫೋನು ಮಾಡಿದರು. ನಾನು ಸ್ನಾನಕ್ಕೆ ಹೋಗಿದ್ದೆ, ಗಿರಿಜಾ ಎತ್ತಿಕೊಂಡಳು. "ನನ್ನದೇನೂ ತಕರಾರಿಲ್ರಿ. ಇದು ದಿನಾ ಅಡ್ಡಾಡಾಕ ಆತು, ಅದು ಅವ್ರ ಆಸೀಗೆ ಇರಲಿ. ನಮ್ಮವ್ರಿಗೆ ತಾವ ಎದ್ದು ನಿಂದ್ರಾಕ ಬಂದ ಮ್ಯಾಲ ತಿಳಸ್ತೀವಿ," ಎಂದಳಂತೆ. ವಕೀಲರಿಗೆ ಎದ್ದು ನಿಲ್ಲಲು ಬರುತ್ತಿಲ್ಲ ಎಂಬುದಷ್ಟೇ ಅವರ ಕಿವಿಯಲ್ಲಿ ಉಳಿಯಿತು. ಅವರು ಕೂಡ್ಲಿಗಿಗೆ ಹೇಳಿದರು, ಕೂಡ್ಲಿಗಿಯವರು ಹಡಗಲಿಗೆ ಹೇಳಿದರು. ಭಾನುವಾರ ಬೆಳಿಗ್ಗೆ ಮೋಸಂಬಿ, ಎಳನೀರು ಹಿಡಿದುಕೊಂಡು ವಕೀಲರ ಒಂದು ದಂಡೇ ಮನೆಗೆ ಬಂತು, ನನ್ನ ಚಹದ ದುಡ್ಡು ಕೊಟ್ಟವರೂ ಇದ್ದರು. ನಾನು ಆಗ ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದೆ. ಬಂದವರನ್ನು ಕಂಡು ಏಳಲು ಹೋದೆ. "ಬ್ಯಾಡ್ರಿ, ಏಳಬ್ಯಾಡ್ರಿ! ಕುಂದ್ರಿ, ಕುಂದ್ರಿ!" ಎಂದು ಎಲ್ಲರೂ ಕೈ ಅಡ್ಡ ಹಿಡಿದರು. "ಯಾರೂ ಹಿಡೀಬ್ಯಾಡ್ರಿ ಅವ್ರನ್ನ," ಎಂದಳು ಗಿರಿಜಾ, 'ಕುಂದ್ರಿ' ಎಂದ ಅದೇ ದನಿಯಲ್ಲಿ.

ನಾನು ಪಾದ ಒಳಗೆ ತೆಗೆದುಕೊಂಡೆ. ಮುಂದಕ್ಕೆ ಬಾಗಿದೆ. ಮೂಗು ಮುಂದೆ ಬಂತು. ಎದ್ದೆ. ಯಾರ ಕೈಯೂ ಇಲ್ಲ, ಗೋಡೆಯೂ ಇಲ್ಲ, ಸೊಂಟದಲ್ಲಿ ಚಳಕ್ ಎಂಬ ಸದ್ದೂ ಇಲ್ಲ. ಬಂದವರು ಕೈ ಕುಲುಕಿದರು, ದೇವರು ದೊಡ್ಡವನು ಎಂದರು. ಗಿರಿಜಾಳ ಮುಖ ಅರಳಿತ್ತು. ಹುಡುಗಿಯಂತೆ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಂತೆ, "ಇನ್ನೇನ್ರೀ, ಹೊಸಪೇಟಿಗೆ ಫೋನ್ ಮಾಡ್ಲಾ?" ಎಂದಳು. ನಲವತ್ತು ವರ್ಷ ಕಾದ ಹಳದಿ ಕಾರಿಗೂ ನನಗೂ ನಡುವೆ ಈಗ ಯಾರ ಮೊಣಕಾಲೂ ಇರಲಿಲ್ಲ, ಯಾವ ಬೆಂಚೂ ಇರಲಿಲ್ಲ. ಹೂಂ ಎಂದರೆ ಮುಗಿಯಿತು, ದಿನಾ ಬೆಳಗಿನ ಪಾಠವೂ ಮುಗಿಯಿತು. ನಾನು "ಅಯ್ಯೋ" ಎಂದು ಸೊಂಟ ಹಿಡಿದುಕೊಂಡೆ. ನೋವೇನೂ ಇರಲಿಲ್ಲ.